ಮಾರುವ ಮೊದಲು ಮಣ್ಣನ್ನು ಓದುವವರು

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ದಾಟುವ ಹೊತ್ತಿಗೆ ತನ್ನ ಇಕ್ಕೆಲದ ಗದ್ದೆಗಳಲ್ಲಿ ನುಣ್ಣನೆಯ ಜೇಡಿಮಣ್ಣು ಬಿಟ್ಟು ಹೋಗಿರುತ್ತಾಳೆ. ಖಾನಾಪುರದ ಹಂಚು, ಇಟ್ಟಂಗಿ, ಗಡಿಗೆಗಳಿಗೆ ಹೆಸರು ಬಂದಿದ್ದು ಈ ಮಣ್ಣಿನಿಂದ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಈ ಊರಲ್ಲಿರುವುದಕ್ಕೂ ಅದಕ್ಕೂ ನಂಟಿದೆ. ಆದರೆ ಭತ್ತದ ಸುಗ್ಗಿ ಮುಗಿದ ಮೇಲೆ ಬದುವಿನ ಮೇಲೆ ನಿಂತು, "ಎಕರೆಗೆ ಇಷ್ಟು" ಎಂದು ಒಂದೇ ಮಾತಿನಲ್ಲಿ ಈ ಮಣ್ಣು ಕೈಬದಲಾಗುವುದೂ ಉಂಟು. ಎಕರೆ ಎಂಬುದು ನೆಲದ ಅಳತೆ. ಮಣ್ಣಿಗೆ ಆಳವಿದೆ, ಗುಣವಿದೆ. ಅವೆರಡನ್ನೂ ಓದಬಲ್ಲವರ ಕಸುಬನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ.

ಬಲ್ಲ ಕುಂಬಾರ ಮೇಲಿನ ಮಣ್ಣು ನೋಡಿ ಮಾತಾಡುವುದಿಲ್ಲ. ಮೊದಲು ಆಳುದ್ದದ ಗುಂಡಿ ತೆಗೆಸುತ್ತಾನೆ, ಒಂದೇ ಕಡೆ ಅಲ್ಲ, ಗದ್ದೆಯ ನಾಲ್ಕಾರು ಕಡೆ. ಗುಂಡಿಯ ಗೋಡೆಯಲ್ಲಿ ಪದರಗಳು ಕಾಣುತ್ತವೆ: ಬೇರು ತುಂಬಿದ ಮೇಲ್ಮಣ್ಣು, ಅದರ ಕೆಳಗೆ ಜೇಡಿ, ಅದಕ್ಕೂ ಕೆಳಗೆ ಗರಸು. ಪ್ರತಿ ಪದರದ ಮಣ್ಣನ್ನೂ ಬೇರೆ ಬೇರೆ ತೆಗೆದು, ನೆನೆಸಿ, ನಾದಿ, ಬೆರಳು ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತುತ್ತಾನೆ. ಬಿರುಕಿಲ್ಲದೆ ಬಾಗಿದರೆ ತಿಗರಿಗೆ ಬಂದೀತು. ಅಂಚು ಹರಿದರೆ ಮರಳು ಹೆಚ್ಚು, ಇಟ್ಟಂಗಿಗೆ ಸಾಕು. ಹಂಚಿನ ಮಣ್ಣಿಗೆ ಇವೆರಡರ ನಡುವಿನ ಹದ ಬೇಕು: ತೆಳುವಾಗಿ ಒತ್ತಿದರೂ ಒಣಗುವಾಗ ಸೊಟ್ಟಗಾಗಬಾರದು.

ಅದಕ್ಕೇ ಮುಂದಿನ ಪರೀಕ್ಷೆ. ಹಸಿ ಮಣ್ಣಿನ ಪಟ್ಟಿಯ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಗೀರಿ, ನೆರಳಲ್ಲಿ ಒಣಗಿಸಿ, ಗೆರೆಯನ್ನು ಮತ್ತೆ ಅಳೆಯುವುದು. 9.2 ಆಗಿದ್ದರೆ ನೂರಕ್ಕೆ ಎಂಟರಷ್ಟು ಕುಗ್ಗಿದೆ ಎಂದರ್ಥ. ಸುಟ್ಟ ಮೇಲೆ ಇನ್ನೊಮ್ಮೆ ಅಳೆಯಬೇಕು. ತುಂಬಾ ಕುಗ್ಗುವ ಮಣ್ಣಿಗೆ ಮರಳು ಬೆರೆಸಬೇಕಾಗುತ್ತದೆ, ಆ ಖರ್ಚು ಬೆಲೆಯಿಂದ ಕಳೆಯುತ್ತದೆ.

ಇನ್ನು ಸುಣ್ಣದ ಹರಳು. ಹೊಸಬರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕಡಲೆಕಾಳಿನಷ್ಟು ಹರಳು ಭಟ್ಟಿಯ ಕಾವಿಗೆ ಸುಟ್ಟ ಸುಣ್ಣವಾಗುತ್ತದೆ, ಮಳೆಗಾಲದ ತೇವ ಹೀರಿ ಉಬ್ಬುತ್ತದೆ, ಗಟ್ಟಿಮುಟ್ಟಾದ ಇಟ್ಟಂಗಿಯ ಮುಖವನ್ನೇ ಸಿಡಿಸುತ್ತದೆ. ಮಣ್ಣಿಗೆ ನಾಲ್ಕು ಹನಿ ಆಮ್ಲ ಬಿಟ್ಟಾಗ ಬುರುಗು ಬಂದರೆ ಸುಣ್ಣವಿದೆ ಎಂದು ತಿಳಿಯುತ್ತದೆ. ಕಡೆಗೆ, ಸುಟ್ಟ ಮಾದರಿ ಇಟ್ಟಂಗಿಯನ್ನು 24 ತಾಸು ನೀರಲ್ಲಿಟ್ಟು ತೂಗುವುದು. ಸಾಮಾನ್ಯ ಇಟ್ಟಂಗಿ ತನ್ನ ತೂಕದ ನೂರಕ್ಕೆ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎಂಬುದು ಭಾರತೀಯ ಮಾನಕ.

ಗುಣ ಗೊತ್ತಾದ ಮೇಲೆ ಲೆಕ್ಕ. ನಮ್ಮ ಕಡೆ ಮಣ್ಣು, ಮರಳು, ಜಲ್ಲಿ ಎಲ್ಲವೂ ಬ್ರಾಸ್ ಲೆಕ್ಕದಲ್ಲಿ ನಡೆಯುತ್ತವೆ, ಬ್ರಾಸ್ ಅಂದರೆ 100 ಘನ ಅಡಿ. ಒಂದು ಗುಂಟೆ 1,089 ಚದರ ಅಡಿ, ಹಾಗಾಗಿ ಒಂದು ಅಡಿ ಆಳಕ್ಕೆ ಹತ್ತಿರ ಹತ್ತಿರ 11 ಬ್ರಾಸ್. 40 ಗುಂಟೆಯ ಎಕರೆಗೆ 435 ಬ್ರಾಸ್ ಮೇಲೆ. ಮೂರು ಅಡಿ ತೆಗೆದರೆ 1,300 ದಾಟುತ್ತದೆ. ಎಕರೆಗೆ ಇಷ್ಟು ಎಂದು ಮಾತಾಡಿ ಆಳ ಹೇಳದೆ ಬಿಟ್ಟ ರೈತ ಕಳೆದುಕೊಳ್ಳುವುದು ಇಲ್ಲೇ. ಕಡಿದ ಮಣ್ಣು ಸಡಿಲವಾಗಿ ಉಬ್ಬುವುದರಿಂದ ಟ್ರ್ಯಾಕ್ಟರಿನಲ್ಲಿ ಅಳೆದ ಬ್ರಾಸ್ ಬೇರೆ, ಗುಂಡಿಯಲ್ಲಿ ಅಳೆದ ಬ್ರಾಸ್ ಬೇರೆ. ಯಾವುದರ ಮೇಲೆ ದರ ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು.

ಬರೆಯುವ ಮೊದಲು ಇನ್ನೊಂದು ಪ್ರಶ್ನೆ: ಈ ಮಣ್ಣು ಯಾರದು? ಉತಾರದಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಒಳಗಿನದೆಲ್ಲ ತನ್ನದೆನ್ನಲು ಬರುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 70ನೇ ಕಲಮಿನ ಪ್ರಕಾರ, ಮೊದಲಿನಿಂದ ಬಂದ ಕಾನೂನುಬದ್ಧ ಹಕ್ಕುಗಳಿಗೆ ಒಳಪಟ್ಟು, ಗಣಿ ಮತ್ತು ಖನಿಜಗಳ ಹಕ್ಕು ರಾಜ್ಯ ಸರ್ಕಾರದ್ದು. ಆ ಹಳೆಯ ಹಕ್ಕಿನ ಮಾತು ಸಣ್ಣದಲ್ಲ. ಮಲಬಾರಿನ ಜನ್ಮಂ ಎಂಬ ವಂಶಪಾರಂಪರ್ಯ ಒಡೆತನದ ಭೂಮಿಗಳ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ನೆಲದೊಳಗಿನ ಖನಿಜ ಭೂಮಾಲೀಕರದೇ ಎಂದಿತು. ಆದ್ದರಿಂದ ಹಳೆಯ ಇನಾಮು, ವತನ ಕಾಗದಗಳಿದ್ದವರು ಅವನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬಾರದು. 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಸಾಮಾನ್ಯ ಜೇಡಿಮಣ್ಣೂ ಉಪಖನಿಜವೇ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಯಾರು ತರಬೇಕು, ರಾಜಧನ ಯಾರು ಕಟ್ಟಬೇಕು ಎಂಬ ಎರಡು ಸಾಲು ಕರಾರಿನಲ್ಲಿ ಇಲ್ಲದಿದ್ದರೆ ನಾಳೆ ನೋಟಿಸು ಬರುವುದು ಉತಾರದ ಹೆಸರಿಗೆ.

ಗುಣ ನೋಡಿ ಬೆಲೆ ಕಟ್ಟುವ ಮಾತಿನಲ್ಲಿ ಬಾಕ್ಸೈಟ್ ಅದಿರಿನ ಲೆಕ್ಕವೂ ಕುಂಬಾರನ ಮಣ್ಣಿನ ಲೆಕ್ಕದ ಜಾತಿಯದೇ, ಗಾತ್ರ ಮಾತ್ರ ದೊಡ್ಡದು. ಬೆಳಗಾವಿಯ ಯಮನಾಪುರದಲ್ಲಿ ಹಿಂಡಾಲ್ಕೊ ಕಾರ್ಖಾನೆ ಅದರಿಂದ ಅಲ್ಯುಮಿನಾ ತೆಗೆಯುತ್ತದೆ. ಅದಿರಲ್ಲಿ ಅಲ್ಯುಮಿನಾ ಎಷ್ಟಿದೆ ಎಂದು ಕೇಳಿದರೆ ಅರ್ಧ ಪ್ರಶ್ನೆ ಮಾತ್ರ ಕೇಳಿದಂತೆ. ಜೇಡಿಯ ರೂಪದಲ್ಲಿ ಸೇರಿಕೊಂಡ ಸಿಲಿಕಾ ದುಬಾರಿ ಕಾಸ್ಟಿಕ್ ಸೋಡಾವನ್ನು ತಿಂದುಹಾಕುವುದರಿಂದ, ಅಲ್ಯುಮಿನಾ ಸಮನಾಗಿದ್ದರೂ ಎರಡು ಗುಡ್ಡಗಳ ಬೆಲೆ ಒಂದೇ ಆಗುವುದಿಲ್ಲ. ಬೇಡದ್ದು ಎಷ್ಟಿದೆ ಎಂದು ಹುಡುಕುವ ಈ ಜಾಣತನ ಸುಣ್ಣದ ಹರಳು ಹುಡುಕುವ ಕುಂಬಾರನಿಗೂ ಪ್ರಯೋಗಾಲಯದ ರಸಾಯನಜ್ಞನಿಗೂ ಸಮಾನ.

ಗದ್ದೆಯ ಮಾತಿಗೆ ಮರಳಿದರೆ, ಮಣ್ಣು ಹೋದ ಮೇಲೆ ಉಳಿಯುವ ನೆಲಕ್ಕೂ ಬೆಲೆ ಕಟ್ಟಬೇಕು. ನೀರು ನಿಲ್ಲದ ಎತ್ತರದ ಗದ್ದೆಯನ್ನು ಒಂದಿಷ್ಟು ತಗ್ಗಿಸಿದರೆ ಭತ್ತಕ್ಕೆ ಒಳ್ಳೆಯದೇ. ಗರಸು ಕಾಣುವ ತನಕ ಕಡಿದರೆ ಮುಂದಿನ ಬೆಳೆ ಏಳುವುದಿಲ್ಲ. ತಿಳಿದವರು ಮೊದಲ ಒಂದಡಿ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ, ಕಡೆಗೆ ಮರಳಿ ಹರಡಿಸುತ್ತಾರೆ. ಬದುವಿನಿಂದ ಕೆಲವು ಅಡಿ ಬಿಡಿಸುತ್ತಾರೆ, ಇಲ್ಲದಿದ್ದರೆ ಪಕ್ಕದವರ ಗದ್ದೆಯ ನೀರು, ಮಣ್ಣು ಎರಡೂ ಗುಂಡಿಗೆ ಜಾರುತ್ತವೆ. ಅಲ್ಲಲ್ಲಿ ಒಂದೊಂದು ಮಣ್ಣಿನ ದಿಬ್ಬವನ್ನು ಮೇಲಿನ ಹುಲ್ಲಿನ ಸಮೇತ ಕಡಿಯದೆ ಉಳಿಸುತ್ತಾರೆ. ಎಷ್ಟು ಆಳ ಕಡಿದರು ಎಂಬುದಕ್ಕೆ ಅದೇ ಸಾಕ್ಷಿ: ತುದಿಯಿಂದ ಬುಡಕ್ಕೆ ಟೇಪು ಬಿಟ್ಟು ಇಬ್ಬರೂ ಓದಿ, ಬ್ರಾಸ್ ಲೆಕ್ಕ ಹಾಕಿ, ಹಣ ಕೈಸೇರಿದ ಮೇಲೆಯೇ ಆ ದಿಬ್ಬಗಳನ್ನು ಕಡಿಯಲು ಬಿಡುತ್ತಾರೆ.