ಪ್ರೊಪೆಲ್ಲರ್ ಜಾರಿಕೆ

ಪ್ರೊಪೆಲ್ಲರ್ ಜಾರಿಕೆ ಅಥವಾ ಸ್ಲಿಪ್ ಎಂದರೆ ಯಾಂತ್ರಿಕ ದೋಣಿಯ ಪ್ರೊಪೆಲ್ಲರ್ ತನ್ನ ಸುತ್ತುಗಳ ಲೆಕ್ಕದಂತೆ ಸಾಗಬೇಕಾದ ವೇಗಕ್ಕೂ ದೋಣಿ ನೀರಿನಲ್ಲಿ ವಾಸ್ತವವಾಗಿ ಸಾಗುವ ವೇಗಕ್ಕೂ ಇರುವ ಅಂತರ. ಮೊದಲನೆಯದನ್ನು ಸೈದ್ಧಾಂತಿಕ ವೇಗವೆಂದೂ ಎರಡನೆಯದನ್ನು ವಾಸ್ತವ ವೇಗವೆಂದೂ ಕರೆಯಲಾಗುತ್ತದೆ. ಜಾರಿಕೆಯನ್ನು ಸೈದ್ಧಾಂತಿಕ ವೇಗದ ಶೇಕಡಾ ಪ್ರಮಾಣದಲ್ಲಿ ಸೂಚಿಸುವುದು ವಾಡಿಕೆ. ಸ್ಪರ್ಧಾ ದೋಣಿಗಳ ಪ್ರೊಪೆಲ್ಲರ್ ಆಯ್ಕೆಗೂ, ನೆರೆ ಪರಿಹಾರದ ದೋಣಿಗಳು ಗುರಿ ತಲುಪುವ ಸಮಯದ ಅಂದಾಜಿಗೂ ಈ ಲೆಕ್ಕ ಅಗತ್ಯ.

ಪಿಚ್ ಮತ್ತು ಸೈದ್ಧಾಂತಿಕ ವೇಗ

ಮರದೊಳಗೆ ಇಳಿಯುವ ತಿರುಪು ಒಂದು ಸುತ್ತಿಗೆ ನಿರ್ದಿಷ್ಟ ದೂರ ಮುಂದೆ ಹೋಗುತ್ತದೆ. ಪ್ರೊಪೆಲ್ಲರ್ ಕೂಡ ಘನವಸ್ತುವಿನಲ್ಲಿ ತಿರುಗುತ್ತಿದ್ದರೆ ಒಂದು ಸುತ್ತಿಗೆ ಎಷ್ಟು ಮುಂದೆ ಸಾಗುತ್ತಿತ್ತೋ ಆ ದೂರವೇ ಅದರ ಪಿಚ್. ಇದನ್ನು ಸಾಮಾನ್ಯವಾಗಿ ಅಂಗುಲಗಳಲ್ಲಿ ನಮೂದಿಸಲಾಗುತ್ತದೆ. ಎಂಜಿನ್ ಮತ್ತು ಪ್ರೊಪೆಲ್ಲರ್ ನಡುವೆ ಗೇರ್ ಇರುವುದರಿಂದ ಎಂಜಿನ್‌ನ ಸುತ್ತುಗಳನ್ನು ಗೇರ್ ಅನುಪಾತದಿಂದ ಭಾಗಿಸಬೇಕು.

ಸೈದ್ಧಾಂತಿಕ ವೇಗ (ಗಂಟೆಗೆ ಕಿ.ಮೀ.) = ನಿಮಿಷಕ್ಕೆ ಎಂಜಿನ್ ಸುತ್ತು × ಪಿಚ್ (ಅಂಗುಲ) × 0.001524 ÷ ಗೇರ್ ಅನುಪಾತ

ಜಾರಿಕೆ (ಶೇ.) = (ಸೈದ್ಧಾಂತಿಕ ವೇಗ − ವಾಸ್ತವ ವೇಗ) ÷ ಸೈದ್ಧಾಂತಿಕ ವೇಗ × 100

ಉದಾಹರಣೆಗೆ, ಎಂಜಿನ್ ನಿಮಿಷಕ್ಕೆ 5400 ಸುತ್ತು ತಿರುಗುತ್ತಿದ್ದು, ಗೇರ್ ಅನುಪಾತ 2, ಪಿಚ್ 12 ಅಂಗುಲವಾಗಿದ್ದರೆ ಸೈದ್ಧಾಂತಿಕ ವೇಗ ಗಂಟೆಗೆ 49.4 ಕಿ.ಮೀ. ಆಗುತ್ತದೆ. ದೋಣಿ ನಿಂತ ನೀರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿದರೆ ಜಾರಿಕೆ ಸುಮಾರು ಶೇ. 19.

ಜಾರಿಕೆಯ ಕಾರಣ

ನೀರು ಘನವಸ್ತುವಲ್ಲ. ಪ್ರೊಪೆಲ್ಲರ್‌ನ ಅಲಗುಗಳು ನೀರನ್ನು ಹಿಂದಕ್ಕೆ ತಳ್ಳುತ್ತವೆ. ಅದರ ಪ್ರತಿಕ್ರಿಯೆಯಿಂದ ದೋಣಿ ಮುಂದಕ್ಕೆ ಚಲಿಸುತ್ತದೆ. ನೀರು ಹಿಂದಕ್ಕೆ ಸರಿಯದಿದ್ದರೆ ನೂಕುಬಲವೇ ಹುಟ್ಟುವುದಿಲ್ಲ. ಆದ್ದರಿಂದ ಜಾರಿಕೆಯನ್ನು ಪೂರ್ತಿ ನಷ್ಟವೆಂದು ಭಾವಿಸುವುದು ತಪ್ಪು. ಮಳೆಗೆ ನೆನೆದ ಎರೆಭೂಮಿಯಲ್ಲಿ ಟ್ರ್ಯಾಕ್ಟರ್ ನೇಗಿಲನ್ನು ಎಳೆಯುವಾಗ ಅದರ ಚಕ್ರ ಸ್ವಲ್ಪವಾದರೂ ಜಾರಿಯೇ ಮುಂದೆ ಸಾಗುತ್ತದೆ. ಭಾರ ಹೆಚ್ಚಾದಷ್ಟೂ ಜಾರುವಿಕೆ ಹೆಚ್ಚುತ್ತದೆ. ನೀರಿನಲ್ಲಿಯೂ ಇದೇ ಸ್ಥಿತಿ. ದಡಕ್ಕೆ ಕಟ್ಟಿದ ದೋಣಿಯ ಎಂಜಿನ್ ಚಾಲೂ ಮಾಡಿ ಗೇರ್ ಹಾಕಿದರೆ ಜಾರಿಕೆ ಶೇ. 100 ಇರುತ್ತದೆ, ಆದರೂ ಹಗ್ಗದ ಮೇಲೆ ಬಲವಾದ ಸೆಳೆತ ಬೀಳುತ್ತದೆ.

ಹೊರೆ, ದೋಣಿಯ ತಳದ ಘರ್ಷಣೆ, ಅಲಗುಗಳ ಸವೆತ ಅಥವಾ ಬಾಗುವಿಕೆ ಇವೆಲ್ಲವೂ ಜಾರಿಕೆಯನ್ನು ಹೆಚ್ಚಿಸುತ್ತವೆ. ಮೇಲ್ಮೈಯ ಗಾಳಿ ಅಲಗುಗಳ ಬಳಿಗೆ ಸೆಳೆಯಲ್ಪಟ್ಟರೆ ಪ್ರೊಪೆಲ್ಲರ್ ನೀರಿನ ಹಿಡಿತ ಕಳೆದುಕೊಂಡು ಎಂಜಿನ್ ಹಠಾತ್ತನೆ ವೇಗವಾಗಿ ತಿರುಗುತ್ತದೆ. ಒತ್ತಡ ಕುಸಿದು ನೀರೇ ಆವಿಯ ಗುಳ್ಳೆಗಳಾಗುವ ಕ್ಯಾವಿಟೇಶನ್ ಇದಕ್ಕಿಂತ ಭಿನ್ನವಾದ ಕ್ರಿಯೆ. ಅದರಿಂದ ಅಲಗುಗಳ ಲೋಹವೂ ಸವೆಯುತ್ತದೆ.

ಸ್ಪರ್ಧಾ ದೋಣಿಗಳಲ್ಲಿ

ಹಗುರವಾದ ಸ್ಪರ್ಧಾ ದೋಣಿಗಳ ತಳ ಪೂರ್ಣ ವೇಗದಲ್ಲಿ ನೀರನ್ನು ಅತಿ ಕಡಿಮೆ ಸ್ಪರ್ಶಿಸುತ್ತದೆ. ಘರ್ಷಣೆ ತಗ್ಗುವುದರಿಂದ ಅವುಗಳ ಜಾರಿಕೆ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಮಾತ್ರ. ವಿಹಾರದ ವೇಗದೋಣಿಗಳಲ್ಲಿ ಇದು ಶೇ. 10ರಿಂದ 20ರ ಆಸುಪಾಸಿನಲ್ಲಿರುತ್ತದೆ. ಸ್ಟ್ಯಾನ್ಲಿ ಸೇಯರ್ಸ್ 1950ರಲ್ಲಿ ಅಮೆರಿಕದ ವಾಷಿಂಗ್ಟನ್ ಸರೋವರದಲ್ಲಿ ಗಂಟೆಗೆ ಸುಮಾರು 258 ಕಿ.ಮೀ. ವೇಗದ ದಾಖಲೆ ಸ್ಥಾಪಿಸಿದ ಸ್ಲೋ-ಮೋ-ಶನ್ 4 ದೋಣಿಯಲ್ಲಿ ಪ್ರೊಪೆಲ್ಲರ್‌ನ ಅರ್ಧಭಾಗ ಮಾತ್ರ ನೀರಿನಲ್ಲಿರುತ್ತಿತ್ತು. ಹೀಗಾಗಿ ಪ್ರೊಪೆಲ್ಲರ್‌ನ ದಂಡ ಮತ್ತು ಅದರ ಆಧಾರಗಳು ನೀರಿನಲ್ಲಿ ಒಡ್ಡುವ ಪ್ರತಿರೋಧ ಕಡಿಮೆಯಾಯಿತು. ಭೀಮಾ ನದಿ ಸೇರುವ ಕೃಷ್ಣಾ ನದಿಯಲ್ಲಿಯೇ, ವಿಜಯವಾಡದ ಬಳಿ, 2018ರ ನವೆಂಬರ್‌ನಲ್ಲಿ ಎಫ್‌1 ಎಚ್‌2ಒ ವಿಶ್ವ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ನಡೆದಿತ್ತು.

ಭೀಮಾ ತೀರ ಮತ್ತು ನೆರೆ ದೋಣಿಗಳು

ಕಲಬುರಗಿ ಜಿಲ್ಲೆಯ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಭೀಮಾ ನದಿ ಹರಿಯುತ್ತದೆ. ಆಳಂದ ತಾಲ್ಲೂಕಿನ ಕೋರಹಳ್ಳಿ ಬಳಿಯ ಜಲಾಶಯದ ಮೂಲಕ ಬರುವ ಅಮರ್ಜಾ ನದಿ ಗಾಣಗಾಪುರದ ಸಮೀಪ ಭೀಮೆಯನ್ನು ಸೇರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭಾರಿ ಮಳೆ ಹಾಗೂ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರಿನಿಂದ ಭೀಮಾ ಉಕ್ಕಿ ಹರಿದಾಗ ಇಲ್ಲಿ ದೋಣಿಗಳ ಮೂಲಕ ರಕ್ಷಣಾ ಕಾರ್ಯ ನಡೆಯಿತು.

ಇಂತಹ ಕಾರ್ಯದಲ್ಲಿ ಸೈದ್ಧಾಂತಿಕ ವೇಗವನ್ನು ನಂಬುವುದು ಅಪಾಯಕಾರಿ. ಮೇಲಿನ ಉದಾಹರಣೆಯ ದೋಣಿಯಲ್ಲಿಯೇ ಜನರು ತುಂಬಿದಾಗ ಎಂಜಿನ್ 4500 ಸುತ್ತುಗಳಿಗೆ ಇಳಿದು, ನೀರಿನಲ್ಲಿ ವೇಗ ಗಂಟೆಗೆ 15 ಕಿ.ಮೀ. ಮಾತ್ರ ಉಳಿಯಿತೆಂದು ಭಾವಿಸೋಣ. ಸೈದ್ಧಾಂತಿಕ ವೇಗ 41.1 ಕಿ.ಮೀ.; ಜಾರಿಕೆ ಸುಮಾರು ಶೇ. 64. ಗಂಟೆಗೆ 8 ಕಿ.ಮೀ. ಸೆಳವಿಗೆ ಎದುರಾಗಿ ಸಾಗಿದರೆ ನೆಲದ ಲೆಕ್ಕದಲ್ಲಿ ವೇಗ 7 ಕಿ.ಮೀ. ಆಗುತ್ತದೆ. ಸುತ್ತುಗಳ ಲೆಕ್ಕದಲ್ಲಿ 5 ನಿಮಿಷದ ದಾರಿಯಂತೆ ಕಾಣುವ 3.5 ಕಿ.ಮೀ. ದೂರಕ್ಕೆ ಅರ್ಧ ಗಂಟೆ ಬೇಕಾಗುತ್ತದೆ. ಇಂಧನವನ್ನೂ ಈ ಅರ್ಧ ಗಂಟೆಯ ಲೆಕ್ಕದಲ್ಲಿಯೇ ಒಯ್ಯಬೇಕು. ಹೊರೆ ಹೊರುವ ದೋಣಿಗಳಿಗೆ ಕಡಿಮೆ ಪಿಚ್‌ನ ಪ್ರೊಪೆಲ್ಲರ್ ಸೂಕ್ತ. ಪಿಚ್ ಅತಿಯಾದರೆ ಎಂಜಿನ್ ತನ್ನ ನಿಗದಿತ ಸುತ್ತುಗಳನ್ನು ತಲುಪದೆ ಶಕ್ತಿಗುಂದುತ್ತದೆ.

ಅಳತೆಯಲ್ಲಿನ ಎಚ್ಚರ

ಜಿಪಿಎಸ್ ಉಪಕರಣವು ನೆಲಕ್ಕೆ ಸಾಪೇಕ್ಷವಾದ ವೇಗವನ್ನು ತೋರಿಸುತ್ತದೆ. ಜಾರಿಕೆಗೆ ಬೇಕಿರುವುದು ನೀರಿಗೆ ಸಾಪೇಕ್ಷವಾದ ವೇಗ. ಮೊದಲ ಉದಾಹರಣೆಯ ದೋಣಿ 8 ಕಿ.ಮೀ. ಸೆಳವಿನ ಎದುರು ಓಡಿದರೆ ಜಾರಿಕೆ ಶೇ. 35ರಂತೆಯೂ, ಸೆಳವಿನೊಂದಿಗೆ ಓಡಿದರೆ ಕೇವಲ ಶೇ. 3ರಂತೆಯೂ ಕಾಣುತ್ತದೆ. ಆದ್ದರಿಂದ ಒಂದೇ ಸುತ್ತುಗಳಲ್ಲಿ ಎರಡೂ ದಿಕ್ಕಿಗೆ ಓಡಿಸಿ ವೇಗಗಳ ಸರಾಸರಿ ತೆಗೆದುಕೊಳ್ಳಬೇಕು. ಜಾರಿಕೆ ಶೂನ್ಯಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಪಿಚ್, ಗೇರ್ ಅನುಪಾತ ಅಥವಾ ಸುತ್ತುಮಾಪಕದ ಅಂಕಿಯಲ್ಲಿ ದೋಷವಿರುತ್ತದೆ.