ನಮಗೆ ಡೆಂಗಿ ಬಂದಿಲ್ಲವೆಂಬ ಹೆಮ್ಮೆ

ಮಳೆಗಾಲ ಕಾಲಿಟ್ಟು, ಪತ್ರಿಕೆಗಳಲ್ಲಿ ಡೆಂಗಿಪೀಡಿತರ ಸಂಖ್ಯೆ ಏರತೊಡಗಿತೆಂದರೆ, ಅದನ್ನು ಓದಿ ಮಡಿಸಿಟ್ಟು, "ಅದೆಲ್ಲ ನೂರಕ್ಕೊಬ್ಬರಿಗೆ ಬರುವ ಕಾಯಿಲೆ, ನಮ್ಮ ಮನೆಯಲ್ಲಿ ಇದುವರೆಗೆ ಯಾರಿಗೂ ಬಂದಿಲ್ಲ" ಎಂದು ಸಾರುವ ಸಜ್ಜನರಿಗೆ ನಮ್ಮಲ್ಲಿ ಅಭಾವವಿಲ್ಲ. ಈ ಭಾಗ್ಯಕ್ಕೆ ರಾಗಿಮುದ್ದೆಯನ್ನೋ ಅಮೃತಬಳ್ಳಿಯ ಕಷಾಯವನ್ನೋ ಕಾರಣವೆಂದು ನಿರ್ಣಯಿಸಿ, ಕೇಳಿದವರಿಗೂ ಕೇಳದವರಿಗೂ ಉಪದೇಶಿಸುವವರೂ ಉಂಟು.

ಇವರ ರಕ್ತವನ್ನು ಪರೀಕ್ಷಿಸಿದರೆ ಬೇರೆಯೇ ಕಥೆ ಹೊರಬೀಳುವ ಸಂಭವವೇ ಹೆಚ್ಚು. 2017–18ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 15 ರಾಜ್ಯಗಳಲ್ಲಿ 5ರಿಂದ 45 ವರ್ಷದೊಳಗಿನ ಸುಮಾರು 12,300 ಜನರ ರಕ್ತವನ್ನು ಸಂಗ್ರಹಿಸಿ, ಹಿಂದೆಂದಾದರೂ ಡೆಂಗಿ ವೈರಾಣು ದೇಹವನ್ನು ಹೊಕ್ಕಿದ್ದಲ್ಲಿ ಉಳಿದಿರತಕ್ಕ ಪ್ರತಿಕಾಯಗಳನ್ನು ಹುಡುಕಿದಾಗ, ಶೇ 48.7ರಷ್ಟು ಜನರಲ್ಲಿ ಅವು ಕಂಡುಬಂದುವು. ದಕ್ಷಿಣ ಭಾರತದಲ್ಲಿಯಂತೂ ಆ ಪ್ರಮಾಣ ಶೇ 76.9. ಈಶಾನ್ಯದಲ್ಲಿ ಅದು ಶೇ 5ರಷ್ಟೇ ಇದ್ದಿತೆಂಬುದು ನಿಜ. ಆದರೆ ಹೆಮ್ಮೆಪಡುತ್ತಿರುವ ನಮ್ಮ ಸಜ್ಜನರು ಈಶಾನ್ಯದವರಲ್ಲ.

ಹಾಗಾದರೆ ಜ್ವರವೇಕೆ ಬರಲಿಲ್ಲ? ಸೋಂಕು ತಗಲಿದ ನಾಲ್ವರಲ್ಲಿ ಸುಮಾರು ಮೂವರಿಗೆ ರೋಗಲಕ್ಷಣವೇ ಕಾಣಿಸದು, ಇಲ್ಲವೆ ಗಮನಕ್ಕೆ ಬಾರದಷ್ಟು ಅಲ್ಪವಾಗಿರುವುದು. ಪ್ರಪಂಚದಲ್ಲಿ ವರ್ಷವೊಂದಕ್ಕೆ 39 ಕೋಟಿ ಸೋಂಕುಗಳಾಗಿ, ಅವುಗಳಲ್ಲಿ 9.6 ಕೋಟಿ ಮಾತ್ರ ಕಾಯಿಲೆಯಾಗಿ ಪ್ರಕಟವಾಗುವುವೆಂದು 2013ರಲ್ಲಿ ಪ್ರಕಟವಾದ ಅಂದಾಜೊಂದು ಹೇಳುತ್ತದೆ. ಜ್ವರ ಬಂದವರಲ್ಲಿಯೂ ವೈದ್ಯರ ಬಳಿ ಹೋಗಿ, ರಕ್ತ ಕೊಟ್ಟು, ಸರಕಾರದ ಪಟ್ಟಿಗೆ ಸೇರಿದವರೇ ಪತ್ರಿಕೆಯ ಅಂಕಿಗಳಾಗುವರು. ಆ ಅಂಕಿಯನ್ನೇ ಸೋಂಕಿನ ವ್ಯಾಪ್ತಿಯೆಂದು ತಿಳಿಯುವುದು, ಮುಯ್ಯಿಯ ಪಟ್ಟಿಯಲ್ಲಿ ಹೆಸರು ಬರೆಸಿದವರಷ್ಟೇ ಮದುವೆಯ ಊಟಕ್ಕೆ ಕುಳಿತರೆಂದು ಲೆಕ್ಕ ಹಾಕಿದಂತೆ.

ಇದು ಬರಿಯ ಲೆಕ್ಕದ ದೋಷವಾಗಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆಗಳುಂಟು. ಒಂದು ಬಗೆಯ ಸೋಂಕು ಆ ಬಗೆಯಿಂದ ದೀರ್ಘಕಾಲದ ರಕ್ಷಣೆಯನ್ನು ಕೊಟ್ಟರೂ, ಉಳಿದವುಗಳಿಂದ ಕೆಲವೇ ತಿಂಗಳು ಕಾಪಾಡುವುದು. ಮುಂದೆ ಬೇರೊಂದು ಬಗೆ ತಗಲಿದಾಗ ರೋಗ ಉಲ್ಬಣಿಸುವ ಅಪಾಯ ಹೆಚ್ಚು. ತನಗೆ ಬಂದೇ ಇಲ್ಲವೆಂದು ನಂಬಿದವನ ಮೊದಲನೆಯ ಜ್ವರವೇ ಎರಡನೆಯ ಸೋಂಕಾಗಿರಬಹುದು. ಫಿಲಿಪ್ಪೀನ್ಸಿನಲ್ಲಿ 2016ರಿಂದ ಶಾಲಾಮಕ್ಕಳಿಗೆ ಹಾಕಲಾದ ಡೆಂಗಿ ಲಸಿಕೆಯು, ಹಿಂದೆ ಸೋಂಕೇ ತಗಲದ ಮಕ್ಕಳಲ್ಲಿ ಮುಂದಿನ ಕಾಯಿಲೆಯನ್ನು ತೀವ್ರಗೊಳಿಸಬಹುದೆಂದು 2017ರಲ್ಲಿ ಬಯಲಾಗಿ, ಆ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು. ಅದೃಶ್ಯ ಸೋಂಕಿನ ಲೆಕ್ಕಕ್ಕೆ ಎಷ್ಟು ಬೆಲೆಯೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಉಳಿದ ನಂಬಿಕೆಗಳನ್ನು ಹೆಸರಿಸಿದರೆ ಸಾಕು. ಡೆಂಗಿಯ ಸೊಳ್ಳೆ ಚರಂಡಿಯದಲ್ಲ, ತೊಟ್ಟಿಯ ತಿಳಿನೀರಿನದು. ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ಪರಂಗಿ ಎಲೆಯ ರಸ ವೈರಾಣುವನ್ನು ಕೊಲ್ಲುವುದೆಂಬುದಕ್ಕೆ ಪ್ರಮಾಣವಿಲ್ಲ.

ಸಾವಿರಾರು ಜನರ ರಕ್ತಪರೀಕ್ಷೆಯನ್ನು ಸಂಶಯದಿಂದ ನೋಡುವವರು, ಯಾರೋ ಕಳುಹಿಸಿದ ನಾಲ್ಕು ಸಾಲಿನ ಸಂದೇಶವನ್ನು ಪರೀಕ್ಷಿಸದೆ ಹತ್ತು ಮನೆಗೆ ಹಂಚುವರು. ಕಾಯಿಲೆ ಬಾರದಿದ್ದಾಗ ಕಷಾಯವನ್ನು ಹೊಗಳುವರು, ಬಂದಾಗ ನಗರಸಭೆಯನ್ನು ಹಳಿಯುವರು. ತಾರಸಿಯ ಮೇಲೆ ಮುಚ್ಚಳವಿಲ್ಲದೆ ಬಿದ್ದಿರುವ ತಮ್ಮದೇ ತೊಟ್ಟಿಯ ಕಡೆಗೆ ಮಾತ್ರ ಅವರ ಲಕ್ಷ್ಯ ಹರಿಯದು.