ಲೋಟದ ಆಕಾರ, ನಾಲಿಗೆಯ ಭೂಪಟ

ಕೆಲವು ತಿಂಗಳ ಹಿಂದೆ, ಹೊಸದಾಗಿ ಮನೆ ಮಾಡಿಕೊಂಡ ನಮ್ಮ ಬಂಧುಗಳ ಮಗನೊಬ್ಬ ಗಾಜಿನ ಲೋಟಗಳನ್ನು ಕೊಳ್ಳಲು ನನ್ನನ್ನು ಬೆಂಗಳೂರಿನ ದೊಡ್ಡ ಮಳಿಗೆಯೊಂದಕ್ಕೆ ಜೊತೆಗೆ ಕರೆದೊಯ್ದ. ತನ್ನ ಮೇಲಧಿಕಾರಿಗಳನ್ನು ಅವನು ಊಟಕ್ಕೆ ಆಹ್ವಾನಿಸಿದ್ದ. ಮಾರಾಟಗಾರ ಎಂಟು ಬಗೆಯ ದಂಟಿನ ಲೋಟಗಳನ್ನು ಸಾಲಾಗಿ ಇರಿಸಿದ. ನಾಲಿಗೆಯ ತುದಿ ಸಿಹಿಯನ್ನೂ ಅಂಚುಗಳು ಹುಳಿಯನ್ನೂ ಬುಡವು ಕಹಿಯನ್ನೂ ಗ್ರಹಿಸುವುದರಿಂದ, ಪ್ರತಿಯೊಂದು ಪಾನೀಯವನ್ನೂ ನಾಲಿಗೆಯ ತಕ್ಕ ಭಾಗಕ್ಕೆ ತಲುಪಿಸುವ ಪ್ರತ್ಯೇಕ ಲೋಟ ಅನಿವಾರ್ಯವೆಂದು ವಿವರಿಸಿದ. ಗೃಹಸಾಲದ ಕಂತು ಕಟ್ಟುತ್ತಿರುವ ಹುಡುಗ ಎಂಟು ಬಗೆಗೂ ಆರಾರರಂತೆ ನಲವತ್ತೆಂಟು ಲೋಟಗಳ ಲೆಕ್ಕ ಹಾಕತೊಡಗಿದ.

ಅವನನ್ನು ನಾನು ಹಳಿಯಲಾರೆ. ಸೇವೆಯಲ್ಲಿದ್ದಾಗ ಒಂದು ಔತಣಕೂಟದಲ್ಲಿ ನಾನು ವೈನ್ ಲೋಟವನ್ನು, ಹಾಲಿನ ಬಟ್ಟಲನ್ನು ಹಿಡಿಯುವಂತೆ, ಅಂಗೈ ತುಂಬ ಹಿಡಿದು ನಿಂತಿದ್ದೆ. ಪಕ್ಕದಲ್ಲಿದ್ದವರು ಮುಗುಳ್ನಕ್ಕು ದಂಟಿನ ಕಡೆಗೆ ಬೆರಳು ತೋರಿಸಿದರು. ಏಕೆ ಹಾಗೆ ಹಿಡಿಯಬೇಕೆಂದು ಅವರು ಹೇಳಲಿಲ್ಲ. ನಾಚಿಕೆಯಿಂದ ನಾನೂ ಕೇಳಲಿಲ್ಲ. ನಮ್ಮ ಮಧ್ಯಮವರ್ಗ ಇಂಥ ವಸ್ತುಗಳನ್ನು ಕೊಳ್ಳುವುದು ರುಚಿಗಾಗಿ ಅಲ್ಲ, ನಗೆಪಾಟಲಾಗುವ ಭಯದಿಂದ. ಕಾರಣ ತಿಳಿಯದ ಶಿಷ್ಟಾಚಾರವೇ ವ್ಯಾಪಾರಿಯ ಬಂಡವಾಳ.

ಕಾರಣಗಳು ಕಷ್ಟದವೇನಲ್ಲ. ದಂಟು ಇರುವುದು ಅಂಗೈಯ ಶಾಖ ಪಾನೀಯವನ್ನು ಮುಟ್ಟದಿರಲಿ ಎಂದು. ಬಿಳಿ ವೈನ್ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಂಪು ವೈನ್ 15ರಿಂದ 18 ಡಿಗ್ರಿಯಲ್ಲಿ ಹಿತವೆನಿಸುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಯೂರೋಪಿನ ತಣ್ಣನೆಯ ಮನೆಗಳದ್ದು. ನಮ್ಮ ಬೇಸಿಗೆಗೆ ಅದು ಸಲ್ಲದು. ಅಗಲವಾದ ಬಟ್ಟಲು ಪರಿಮಳ ಹೊರಹೊಮ್ಮಲು ಹರವು ಕೊಡುತ್ತದೆ, ಒಳಬಾಗಿದ ಅಂಚು ಅದನ್ನು ಮೂಗಿನ ಬಳಿ ಹಿಡಿದಿಡುತ್ತದೆ. ಲೋಟವನ್ನು ಮೂರನೇ ಒಂದು ಭಾಗದಷ್ಟು ಮಾತ್ರ ತುಂಬುವುದೂ ಇದಕ್ಕಾಗಿಯೇ. ಬ್ರಾಂದಿಯ ಲೋಟಕ್ಕೆ ದಂಟು ಗಿಡ್ಡ. ಅಲ್ಲಿ ಅಂಗೈಯ ಶಾಖವೇ ಬೇಕಾದದ್ದು.

ಇದು ಬರಿಯ ನಂಬಿಕೆಯೂ ಅಲ್ಲ. 2015ರಲ್ಲಿ ಟೋಕಿಯೊದ ವಿಜ್ಞಾನಿಗಳು ಲೋಟದ ಬಾಯಿಯಿಂದ ಏಳುವ ಮದ್ಯಸಾರದ ಆವಿಯನ್ನು ವಿಶೇಷ ಕ್ಯಾಮೆರಾದಲ್ಲಿ ಸೆರೆಹಿಡಿದರು. 13 ಡಿಗ್ರಿಯಲ್ಲಿದ್ದ ವೈನಿನ ಲೋಟದಲ್ಲಿ ಆವಿ ಅಂಚಿನ ಸುತ್ತ ಉಂಗುರದಂತೆ ದಟ್ಟವಾಗಿ, ನಡುವೆ ತೆಳುವಾಗಿತ್ತು. ಮದ್ಯಸಾರದ ಘಾಟಿಲ್ಲದೆ ಪರಿಮಳ ಗ್ರಹಿಸಲು ಆ ನಡುಭಾಗ ಅನುಕೂಲ. ನೇರ ಗೋಡೆಯ ಲೋಟದಲ್ಲಾಗಲೀ ಬೆಚ್ಚಗಿನ ವೈನಿನಲ್ಲಾಗಲೀ ಆ ಉಂಗುರ ಕಾಣಲಿಲ್ಲ. ನೊರೆಯುವ ಶಾಂಪೇನಿನ ವಿಷಯವೂ ಹೀಗೆಯೇ. ತಟ್ಟೆಯಂತೆ ಹರಡಿದ ಹಳೆಯ ಲೋಟದಲ್ಲಿ ಗುಳ್ಳೆ ಬೇಗ ಆರುತ್ತದೆ. ಕೊಳಲಿನಂಥ ಕಿರಿದಾದ ಲೋಟದಲ್ಲಿ ಗುಳ್ಳೆ ಉಳಿದರೂ ಇಂಗಾಲದ ಡೈಆಕ್ಸೈಡ್ ಮೂಗಿಗೆ ಚುಚ್ಚುತ್ತದೆ. ಹೊಟ್ಟೆ ತುಸು ಉಬ್ಬಿದ ಟ್ಯೂಲಿಪ್ ಆಕಾರ ಇವೆರಡರ ನಡುವಿನ ರಾಜಿ.

ಹೀಗೆ ಲೋಟದ ಕೆಲಸವೆಲ್ಲ ಮೂಗಿಗೆ ಮತ್ತು ಶಾಖಕ್ಕೆ ಸಂಬಂಧಿಸಿದ್ದು. ಹಾಗಾದರೆ ಮಾರಾಟಗಾರ ಹೇಳಿದ ನಾಲಿಗೆಯ ಭೂಪಟ? 1901ರಲ್ಲಿ ಹೇನಿಗ್ ಎಂಬ ಜರ್ಮನ್ ಸಂಶೋಧಕ ನಾಲಿಗೆಯ ಭಾಗಗಳ ಸಂವೇದನೆಯಲ್ಲಿ ಅತ್ಯಲ್ಪ ವ್ಯತ್ಯಾಸ ಕಂಡಿದ್ದ. 1942ರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಎಡ್ವಿನ್ ಬೋರಿಂಗ್ ತಮ್ಮ ಗ್ರಂಥದಲ್ಲಿ ಅದನ್ನು ನಕ್ಷೆಯಾಗಿ ಬರೆದ ರೀತಿಯಿಂದ, ಒಂದು ಭಾಗದಲ್ಲಿ ಒಂದೇ ರುಚಿ ಎಂಬ ತಪ್ಪು ತಿಳಿವಳಿಕೆ ಹರಡಿತು. 1974ರಲ್ಲಿ ವರ್ಜಿನಿಯಾ ಕಾಲಿಂಗ್ಸ್ ಮರುಪರೀಕ್ಷಿಸಿ, ಆ ವ್ಯತ್ಯಾಸಗಳಿಗೆ ಹೆಚ್ಚಿನ ಮಹತ್ವವಿಲ್ಲವೆಂದು ತೋರಿಸಿದರು. ಎಲ್ಲ ರುಚಿಗಳನ್ನೂ ನಾಲಿಗೆಯ ಎಲ್ಲ ರುಚಿಮೊಗ್ಗುಗಳ ಪ್ರದೇಶಗಳೂ ಗ್ರಹಿಸುತ್ತವೆ. ಆಸ್ಟ್ರಿಯಾದ ಕ್ಲಾಸ್ ರೀಡೆಲ್ 1973ರಲ್ಲಿ ಬೇರೆ ಬೇರೆ ವೈನುಗಳಿಗೆ ಬೇರೆ ಬೇರೆ ಲೋಟಗಳ ಶ್ರೇಣಿಯನ್ನು ಮಾರುಕಟ್ಟೆಗೆ ತಂದರು. ಅವು ಸುಂದರವಾದ ಕುಶಲಕೃತಿಗಳೇ. ಆದರೆ ಲೋಟಗಳನ್ನು ಹೀಗೆ ವಿಂಗಡಿಸಿ ಮಾರುವುದರ ಹಿಂದೆ ಎಷ್ಟು ವಿಜ್ಞಾನವಿದೆಯೋ, ಅರ್ಥಶಾಸ್ತ್ರದಲ್ಲಿ ನಾವು ಓದಿದ ‘ಸರಕು ಭಿನ್ನತೆ’ಯ ತಂತ್ರವೂ ಅಷ್ಟೇ ಇದೆ.

ವೈನಿನ ಗುಣ ಅಳೆಯುವುದನ್ನೇ ವೃತ್ತಿಯಾಗಿಸಿಕೊಂಡವರು ಏನು ಮಾಡುತ್ತಾರೆ? ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1977ರಲ್ಲಿ ಪರೀಕ್ಷೆಯ ಲೋಟಕ್ಕೆ ಮಾನಕ ಗೊತ್ತುಪಡಿಸಿತು. ಮೊಟ್ಟೆಯಾಕಾರದ ಬಟ್ಟಲು, ಸುಮಾರು 215 ಮಿಲಿಲೀಟರ್ ಹಿಡಿತ, ಅದರಲ್ಲಿ 50 ಮಿಲಿಲೀಟರ್ ವೈನ್. ಕೆಂಪಿಗೂ ಬಿಳಿಗೂ ಅದೊಂದೇ.

ಬಗೆಗಿಂತ ಗಾತ್ರದ ಬಗ್ಗೆಯೇ ನಾವು ಹೆಚ್ಚು ಯೋಚಿಸಬೇಕಿದೆ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೇಂಬ್ರಿಜ್ ಸಂಶೋಧಕರು ಮುನ್ನೂರು ವರ್ಷಗಳ 411 ಲೋಟಗಳ ಅಳತೆ ಪ್ರಕಟಿಸಿದರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸರಾಸರಿ 66 ಮಿಲಿಲೀಟರ್ ಇದ್ದ ವೈನ್ ಲೋಟ 2016-17ರ ವೇಳೆಗೆ 449 ಮಿಲಿಲೀಟರಿಗೆ ಹಿಗ್ಗಿತ್ತು. ಲೋಟ ಆಗ ಚಿಕ್ಕದಾಗಿದ್ದುದಕ್ಕೆ ತೆರಿಗೆಯೂ ಒಂದು ಕಾರಣ. 1740ರ ದಶಕದಲ್ಲಿ ಗಾಜಿನ ತೂಕದ ಮೇಲೆ ಹೇರಿದ ಸುಂಕ 1845ರವರೆಗೆ ಜಾರಿಯಲ್ಲಿತ್ತು. ಸುಂಕ ಮಾಯವಾದ ಮೇಲೆ ಗಾಜು ಬೆಳೆಯಿತು. ಅದೇ ತಂಡದ ಪ್ರಯೋಗಗಳಲ್ಲಿ, ಸುರಿಯುವ ಅಳತೆ ಒಂದೇ ಇದ್ದರೂ ಲೋಟ ದೊಡ್ಡದಾದಾಗ ರೆಸ್ಟೋರೆಂಟುಗಳಲ್ಲಿ ವೈನ್ ಮಾರಾಟ ಏರಿತು. ಬಾರುಗಳಲ್ಲಿ ಅಂಥ ಪರಿಣಾಮ ಸ್ಪಷ್ಟವಾಗಲಿಲ್ಲ. ಮನೆಯಲ್ಲಿ ಅಳತೆ ಮಾಡುವವರಾರು? ದೊಡ್ಡ ಬಟ್ಟಲಿನಲ್ಲಿ ಎರಡು ಪಾಲು ಕೂಡ ಒಂದೇ ಪಾಲಿನಂತೆ ಕಾಣುತ್ತದೆ.

ನಮಗೆ ಇದು ದೂರದ ಮಾತಲ್ಲ. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ರೂಪಿಸಿತು. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿಯ ವೈನ್ ಇಂದು ನಗರದ ಮಧ್ಯಮವರ್ಗದ ಮೇಜಿನ ಮೇಲಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರಿಗೆ ಕುಡಿಯಿರೆಂದು ಹೇಳುವ ಉದ್ದೇಶ ನನಗಿಲ್ಲ; ಕುಡಿಯುವವರ ಕೈಯಲ್ಲಿರುವ ಅಳತೆಗೋಲು ಲೋಟ ಎಂಬುದಷ್ಟೇ ನನ್ನ ಮಾತು.

ಅಂದು ಮಳಿಗೆಯಲ್ಲಿ ನಾನು ಹುಡುಗನಿಗೆ ಸೂಚಿಸಿದ್ದು ಎರಡೇ ಬಗೆ: ಕೆಂಪು ಬಿಳಿ ಎರಡಕ್ಕೂ ಒಳಬಾಗಿದ ಅಂಚಿನ, ಮಧ್ಯಮ ಗಾತ್ರದ, ಸರಳ ತೆಳುಗಾಜಿನ ಆರು ಲೋಟ, ನೊರೆಯುವ ಪಾನೀಯಕ್ಕೆ ಆರು ಟ್ಯೂಲಿಪ್. ಮಾರಾಟಗಾರನ ಮುಖದಲ್ಲಿ ಒಂದು ಮುಗುಳ್ನಗೆ ಮೂಡಿತು. ಔತಣಕೂಟದ ಆ ನಗೆಯೇ ನೆನಪಾಯಿತು. ಈ ಸಲ ನಾಚಿಕೆಯಾಗಲಿಲ್ಲ. ಹುಡುಗ ಹನ್ನೆರಡು ಲೋಟಗಳಿಗಷ್ಟೇ ಹಣ ಕೊಟ್ಟ. ದಂಟನ್ನು ಏಕೆ ಹಿಡಿಯಬೇಕೆಂಬುದನ್ನು ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ಹೇಳಿದೆ.